ಕಲಬುರಗಿಯಿಂದ ಸಮುದ್ರ ವಿಜ್ಞಾನದ ಸಂಶೋಧನೆಗೆ: ಪ್ರಾಣಿಶಾಸ್ತ್ರ ಎಂ.ಎಸ್ಸಿ. ಸಾಕಾಗ್ತದೇನ್ರಿ?

ಶಹಾಪುರ_ಓದು

ಎಲ್ಲರಿಗೂ ನಮಸ್ಕಾರ. ಗುಲಬರ್ಗಾ ವಿಶ್ವವಿದ್ಯಾಲಯದಾಗ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡ್ಲಿಕತ್ತೀನಿ, ಎರಡನೇ ಸೆಮಿಸ್ಟರ್ ಮುಗೀಲಿಕ್ಕೆ ಬಂದದ. ಸಮುದ್ರದ ಪ್ಲಾಂಕ್ಟನ್ (ನೀರಾಗ ತೇಲೋ ಸಣ್ಣ ಜೀವಿಗಳು), ಅದ್ರಾಗೂ ಕೋಪೆಪಾಡ್ (ಸಿಗಡಿ ಬಳಗದ ಸಣ್ಣ ಪ್ರಾಣಿ) ಮ್ಯಾಲ ಪಿಎಚ್.ಡಿ. ಮಾಡಬೇಕಂತ ಅದ. ಒಬ್ಬರು ಮೊದಲು ಮೆರೈನ್ ಬಯಾಲಜಿ ಎಂ.ಎಸ್ಸಿ. ಮಾಡು ಅಂತಾರ, ಇನ್ನೊಬ್ಬರು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದ್ರ ಸಾಕು ಅಂತಾರ. ಯಾವುದು ಖರೆ?

ನೆಟ್ ಬರಿಯೋದಾದ್ರ ಲೈಫ್ ಸೈನ್ಸೋ ಅರ್ಥ್ ಸೈನ್ಸೋ? ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟ್ ಇಲ್ಲೇ ಕೆರಿ ನೀರಿನ ಮ್ಯಾಲ ಮಾಡಿದ್ರ ಮುಂದ ಗೋವಾ, ಕೊಚ್ಚಿ ಕಡೆ ಯಾರರ ಅದನ್ನ ಲೆಕ್ಕಕ್ಕ ಹಿಡೀತಾರೇನು? ಬೀದರಿನ ವಿಶ್ವವಿದ್ಯಾಲಯದ ಹೆಸರಿನಾಗೇ ಮೀನುಗಾರಿಕೆ ಅದ, ಆ ಕಡೆಯಿಂದ ದಾರಿ ಅದ ಏನು? ಗಣಿತ ಪಿಯುಸಿಗೇ ಬಿಟ್ಟೀನಿ. ಗೊತ್ತಿದ್ದವರು ವಿವರವಾಗಿ ಹೇಳ್ರಿ.

---

ಬೆಣ್ಣೆತೊರೆ

ಮೊದಲು ಬೀದರಿನ ವಿಷಯ ಮುಗಿಸಿಬಿಡೋಣ, ಅದರಲ್ಲಿ ಬಹಳ ಜನ ಎಡವುತ್ತಾರೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರಿನಲ್ಲಿದೆ, ಆದರೆ ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ. ಅದು 1969ರಿಂದ ನಡೆಯುತ್ತಿದೆ. ಅಲ್ಲಿ ಎಂ.ಎಫ್.ಎಸ್ಸಿ. (ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿ) ಸೇರಲು ಅದೇ ವಿಷಯದ ಬಿ.ಎಫ್.ಎಸ್ಸಿ. ಪದವಿ ಇರಬೇಕು. ಪ್ರಾಣಿಶಾಸ್ತ್ರದ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿದವರಿಗೆ ಆ ಬಾಗಿಲಿಲ್ಲ. ಪಿಯುಸಿ ಮುಗಿಸುವ ತಮ್ಮ ತಂಗಿಯರಿದ್ದರೆ ಅವರಿಗೆ ಹೇಳಿ, ನೀವು ಮುಂದೆ ನಡೆಯಿರಿ.

ಇನ್ನೊಂದು ಎಂ.ಎಸ್ಸಿ. ಕಡ್ಡಾಯವಲ್ಲ. ಸಮುದ್ರ ವಿಜ್ಞಾನ ಅಂದರೆ ಒಂದು ವಿಷಯ ಅಲ್ಲ. ಜೀವ, ರಸಾಯನ, ಭೂವಿಜ್ಞಾನ, ಭೌತ ಈ ನಾಲ್ಕು ಕಡೆಯಿಂದಲೂ ಜನ ಒಳಗೆ ಬರುತ್ತಾರೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಅಂದರೆ ಎನ್‌ಐಒ, 1966ರ ಜನವರಿ 1ರಂದು ಶುರುವಾದದ್ದು, ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದ ಬೆನ್ನಿಗೇ. ಅದು ಸಿಎಸ್‌ಐಆರ್, ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಪ್ರಯೋಗಾಲಯ. ಅಲ್ಲಿ ಪಿಎಚ್.ಡಿ.ಗೆ ಕೇಳುವುದು ಸಂಬಂಧಪಟ್ಟ ವಿಷಯದ ಎಂ.ಎಸ್ಸಿ. ಮತ್ತು ನಿಮ್ಮದೇ ಫೆಲೋಶಿಪ್. ಕೋಪೆಪಾಡ್ ಕೆಲಸಕ್ಕೆ ಪ್ರಾಣಿಶಾಸ್ತ್ರ ಸಂಬಂಧಪಟ್ಟ ವಿಷಯವೇ. ನೋಂದಣಿ ಆಗುವುದು ಎಸಿಎಸ್‌ಐಆರ್ (ಆ ಮಂಡಳಿಯದೇ ಪದವಿ ಕೊಡುವ ಅಕಾಡೆಮಿ) ಮೂಲಕ ಅಥವಾ ಒಂದು ವಿಶ್ವವಿದ್ಯಾಲಯದ ಮೂಲಕ. ಎನ್‌ಐಒಗೆ ಕೊಚ್ಚಿ, ಮುಂಬೈ, ವಿಶಾಖಪಟ್ಟಣದಲ್ಲೂ ಕೇಂದ್ರಗಳಿವೆ. ಎಲ್ಲರೂ ಗೋವಾಕ್ಕೇ ಮುಗಿಬೀಳುತ್ತಾರೆ, ಉಳಿದ ಮೂರನ್ನು ಮರೆಯುತ್ತಾರೆ.

ಫೆಲೋಶಿಪ್ ಅಂದರೆ ಮುಖ್ಯವಾಗಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್). ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದಾಗ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಇದು 2023ರ ಜನವರಿಯಿಂದ ಜಾರಿಯಲ್ಲಿರುವ ದರ. ಈಗ ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ: ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಹಾಗೂ ಪಿಎಚ್.ಡಿ., ಬರೀ ಪಿಎಚ್.ಡಿ. ಪ್ರವೇಶ. ಎರಡನೆಯದೂ ಮೂರನೆಯದೂ ಪ್ರವೇಶಕ್ಕೆ ಅರ್ಹತೆ ಕೊಡುತ್ತವೆ, ದುಡ್ಡು ಕೊಡುವುದಿಲ್ಲ. ‘ನೆಟ್ ಆಯ್ತು’ ಅಂತ ನಿರಾಳವಾಗುವ ಮುಂಚೆ ಯಾವುದು ಆಯ್ತು ಅಂತ ನೋಡಿ.

ಯಾವ ಪೇಪರು? ನಿಮಗೆ ಲೈಫ್ ಸೈನ್ಸಸ್, ಸಂಶಯವೇ ಬೇಡ. ಅರ್ಥ್ ಸೈನ್ಸಸ್ ಪೇಪರಿನಲ್ಲಿ ಸಮುದ್ರದ ಭಾಗ ಇದೆ ನಿಜ, ಆದರೆ ಅದರ ಬಿ ಭಾಗದಲ್ಲಿ ಶಿಲೆ, ಖನಿಜ, ಭೂಭೌತ, ಹವಾಮಾನ ಎಲ್ಲ ಬರುತ್ತದೆ. ಪ್ರಾಣಿಶಾಸ್ತ್ರದವರು ಅಲ್ಲಿಯೇ ಮುಗ್ಗರಿಸುತ್ತಾರೆ. ಲೈಫ್ ಸೈನ್ಸಸ್‌ನ ಒಟ್ಟು ಅಂಕ 200. ಎ ಭಾಗದಲ್ಲಿ 20ರಲ್ಲಿ 15 ಪ್ರಶ್ನೆ, ತಲಾ 2 ಅಂಕ. ಬಿ ಭಾಗದಲ್ಲಿ 50ರಲ್ಲಿ 35, ತಲಾ 2. ಸಿ ಭಾಗದಲ್ಲಿ 75ರಲ್ಲಿ 25, ತಲಾ 4. ತಪ್ಪಿದರೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತ. ಒಟ್ಟು ಅಂಕದ ಅರ್ಧ ಸಿ ಭಾಗದಲ್ಲೇ ಇದೆ, ಅದೂ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶದೊಂದಿಗೆ. ಪಠ್ಯಕ್ರಮದ 13 ಘಟಕಗಳಲ್ಲಿ 9ನೆಯದು ಜೀವವೈವಿಧ್ಯ, 10 ಪರಿಸರ ತತ್ವ, 11 ವಿಕಾಸ ಮತ್ತು ವರ್ತನೆ, 13 ವಿಧಾನಗಳು. ಈ ನಾಲ್ಕನ್ನೂ ಪೂರ್ತಿ ಗಟ್ಟಿ ಮಾಡಿ, ಜೊತೆಗೆ ಪ್ರಾಣಿ ಶರೀರಕ್ರಿಯೆ ಮತ್ತು ಆನುವಂಶಿಕತೆ. ಎಲ್ಲ 13ನ್ನೂ ತೆಳ್ಳಗೆ ಸವರಿಕೊಂಡು ಹೋದವರಿಗೆ ಸಿ ಭಾಗ ದಕ್ಕುವುದಿಲ್ಲ.

ಅಂತಿಮ ವರ್ಷದಲ್ಲಿರುವಾಗಲೇ ಬರೆಯಬಹುದು. ಎಂ.ಎಸ್ಸಿ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಪರಿಶಿಷ್ಟರಿಗೆ ಶೇ 50 ಬೇಕು. ಗೇಟ್‌ನಲ್ಲಿ ಎಕಾಲಜಿ ಅಂಡ್ ಎವಲ್ಯೂಷನ್ ಅನ್ನುವ ಪೇಪರ್ ಇದೆ. ಅದರ ಅಂಕ ಮೂರು ವರ್ಷ ನಡೆಯುತ್ತದೆ, ಪ್ರಾಜೆಕ್ಟ್ ಹುದ್ದೆಗಳಿಗೆ ಉಪಯೋಗ. ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬರುವಂತಿದ್ದರೆ ಡಿಎಸ್‌ಟಿಯ, ಅಂದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ ಮರೆಯಬೇಡಿ. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ನೆಟ್ ಬೇರೆ, ಅದರಲ್ಲಿ ಫೆಲೋಶಿಪ್ ಇಲ್ಲ.

---

ಕಾರಂಜಾ_ಬೀದರ

ಕೆರಿ ನೀರಿನ ಪ್ರಾಜೆಕ್ಟ್ ಲೆಕ್ಕಕ್ಕ ಬರ್ತದೇನು ಅಂತ ಕೇಳೀರಿ. ‘ಆ ಕೆರಿಯಾಗ 14 ಜಾತಿ ಸಿಕ್ಕವು’ ಅಂತ ಪಟ್ಟಿ ಬರದ್ರ ಬರಲ್ಲ. ಒಂದು ಅಳತಿ ಶುರುದಿಂದ ಕೊನಿತನಕ ಸರಿಯಾಗಿ ಮಾಡಿ, ಅದ್ರಾಗ ತಪ್ಪು ಎಷ್ಟು ಅಂತ ಹೇಳಿದ್ರ ಬರ್ತದ. ಕೋಪೆಪಾಡ್ ಸಿಹಿನೀರಾಗೂ ಅದಾವ, ಕೈಚಳಕ ಎರಡೂ ಕಡೆ ಒಂದೇ.

ಜಾಗ: ಬೆಣ್ಣೆತೊರೆ, ಕಾರಂಜಾ, ನಾರಾಯಣಪುರದ ಬಸವಸಾಗರ ಯಾವುದೂ ನಡೀತದ. ಊರ ನಡುವಿನ ಅಪ್ಪನ ಕೆರಿ ಬ್ಯಾಡ, ಅಲ್ಲಿ ಕೊಳಚೆ ನೀರಿನ ಪ್ರಭಾವ ಬಿಟ್ಟು ಬ್ಯಾರೆ ಏನೂ ಕಾಣಲ್ಲ. ನೀರಾವರಿ ಇಲಾಖಿಗೆ ವಿಭಾಗದ ಮುಖ್ಯಸ್ಥರ ಪತ್ರ ಕೊಟ್ಟು ಅನುಮತಿ ತಗೊಳ್ರಿ. ಮೀನು ಹಿಡಿಯೋರ ಹರಿಗೋಲು ಸಿಗ್ತದ, ಆದ್ರ ಲೈಫ್ ಜಾಕೆಟ್ ನೀವೇ ಒಯ್ಯಬೇಕು. ಕೃಷ್ಣಾ ದಂಡಿಯಾಗ ಮೊಸಳಿ ಇರ್ತಾವ, ಮೊಣಕಾಲುದ್ದ ನೀರಾಗ ನಿಂತು ಬಲಿ ಎಳೆಯೋ ಧೈರ್ಯ ಮಾಡಬ್ಯಾಡ್ರಿ.

ಮೂರು ಠಾಣೆ ಸಾಕು: ನೀರು ಒಳಗ ಬರೋ ಕಡೆ, ನಡುವ, ಕಟ್ಟೆ ಹತ್ರ. ಹದಿನೈದು ದಿನಕ್ಕೊಮ್ಮೆ, ಐದು ತಿಂಗಳು. ಪ್ರತಿ ಸಲ ಅದೇ ಹೊತ್ತಿಗೆ ಹೋಗ್ರಿ. ಜೂಪ್ಲಾಂಕ್ಟನ್ (ಪ್ರಾಣಿ ಪ್ಲಾಂಕ್ಟನ್) ಹಗಲಿಗೆ ಕೆಳಗ ಇಳೀತಾವ, ರಾತ್ರಿ ಮ್ಯಾಲ ಏರ್ತಾವ. ಒಮ್ಮೆ ಮುಂಜಾನಿ ಏಳಕ್ಕ, ಇನ್ನೊಮ್ಮೆ ಮಧ್ಯಾಹ್ನ ಹನ್ನೆರಡಕ್ಕ ಹೋದ್ರ ನೀವು ಅಳೆಯೋದು ಋತುವನ್ನಲ್ಲ, ಗಡಿಯಾರವನ್ನ.

ಬಲಿ: ಬಾಯಿ ವ್ಯಾಸ 30 ಸೆಂ.ಮೀ., ರಂಧ್ರ 60 ಮೈಕ್ರಾನ್ ಆಸುಪಾಸು, ಯಾಕಂದ್ರ ಸಿಹಿನೀರಾಗ ರೋಟಿಫರ್ ಅನ್ನೋ ಸೂಕ್ಷ್ಮ ಪ್ರಾಣಿ ಸಣ್ಣು ಇರ್ತಾವ. ಸಮುದ್ರದಾಗ ಕೋಪೆಪಾಡಿಗೆ 200 ಮೈಕ್ರಾನ್ ಬಳಸ್ತಾರ. ಅಲ್ಲಿ ಚಾಲ್ತಿ ಇರೋ ಡಬ್ಲ್ಯುಪಿ-2 ಬಲಿ ಬಾಯಿ 57 ಸೆಂ.ಮೀ., ಅಂದ್ರ ಕಾಲು ಚದರ ಮೀಟರ್. ಸೀರಿ ಬಟ್ಟಿ ಹೊಲಿದು ಬಲಿ ಮಾಡಬ್ಯಾಡ್ರಿ. ರಂಧ್ರದ ಅಳತಿ ಗೊತ್ತಿರಲ್ಲ, ಒದ್ದಿ ಆದಾಗ ಬದಲಾಗ್ತದ. ನೈಲಾನ್ ಬೋಲ್ಟಿಂಗ್ ಬಟ್ಟಿನೇ ತರಿಸ್ರಿ.

ಲೆಕ್ಕ ಹಿಂಗ: 30 ಸೆಂ.ಮೀ. ಬಾಯಿಯ ವಿಸ್ತೀರ್ಣ 0.0707 ಚದರ ಮೀ. 5 ಮೀಟರ್ ಆಳದಿಂದ ನೆಟ್ಟಗ ಮ್ಯಾಲ ಎಳದ್ರ ಸೋಸಿದ ನೀರು 0.353 ಘನ ಮೀ. ಅದನ್ನ 50 ಮಿ.ಲೀ.ಗೆ ಇಳಿಸಿ, ಸೆಡ್ಜ್‌ವಿಕ್-ರಾಫ್ಟರ್ ಕೋಶದಾಗ (ಎಣಿಸೋ ಸ್ಲೈಡ್) 1 ಮಿ.ಲೀ. ಎಣಿಸಿದಾಗ 42 ಬಂದ್ರ, ಒಟ್ಟು 2,100. ಘನ ಮೀಟರಿಗೆ ಸುಮಾರು 5,950. ಇಲ್ಲಿಗೆ ನಿಲ್ಲಿಸಬ್ಯಾಡ್ರಿ. 42 ಎಣಿಸಿದಾಗ ಎಣಿಕಿಯ ಅನಿಶ್ಚಿತತೆ ಎರಡು ಭಾಗಿಸು 42ರ ವರ್ಗಮೂಲ, ಅಂದ್ರ ಶೇ 31. 400 ಎಣಿಸಿದ್ರ ಶೇ 10. ‘ಈ ತಿಂಗಳು ಶೇ 20 ಹೆಚ್ಚಾಯ್ತು’ ಅಂತ 42 ಎಣಿಸಿದವರು ಬರಿಯೋ ಹಂಗಿಲ್ಲ. ಸಂದರ್ಶನದಾಗ ಇದನ್ನೇ ಕೇಳ್ತಾರ.

ಮಳಿಗಾಲ ಆದ ಮ್ಯಾಲ ನೀರಾಗ ಕೆಸರು, ಪಾಚಿ ಇರ್ತದ, ಬಲಿ ಕಟ್ಟಿಕೊಳ್ತದ. ಆಗ ಬಾಯಿ ಎದುರಿನ ನೀರು ಒಳಗ ಹೋಗದ ಪಕ್ಕಕ್ಕ ಸರೀತದ, ಮ್ಯಾಲಿನ ಲೆಕ್ಕ ಪೂರಾ ಸುಳ್ಳಾಗ್ತದ. ಬಾಯಿಗೆ ಫ್ಲೋಮೀಟರ್ ಕಟ್ಟೋದೇ ಪರಿಹಾರ. ಅದಿಲ್ಲಂದ್ರ ಎಳೆಯೋ ದೂರ ಕಡಿಮಿ ಮಾಡ್ರಿ, ಮೂರು ಸಲ ಎಳೀರಿ, ಪ್ರತಿ ಸಲ ಬಲಿ ಹೊರಗಿನಿಂದ ನೀರು ಹಾಕಿ ತೊಳೀರಿ. ಒಳಗಿನಿಂದ ತೊಳದ್ರ ಬ್ಯಾರೆ ನೀರಿನ ಪ್ರಾಣಿ ಮಾದರಿಯಾಗ ಸೇರ್ತಾವ.

ಫಾರ್ಮಾಲಿನ್ ಗೊಂದಲ ಎಲ್ಲಾರಿಗೂ ಅದ. ಅಂಗಡಿ ಬಾಟಲಿಯಾಗ ಇರೋದು 37ರಿಂದ 40 ಪ್ರತಿಶತ ಫಾರ್ಮಾಲ್ಡಿಹೈಡ್. ಅದ್ರಾಗ 10 ಮಿ.ಲೀ. ತಗೊಂಡು 90 ಮಿ.ಲೀ. ಮಾದರಿಗೆ ಹಾಕಿದ್ರ ಶೇ 10 ಫಾರ್ಮಾಲಿನ್ ಆಯ್ತು, ಅದೇ ಸುಮಾರು ಶೇ 4 ಫಾರ್ಮಾಲ್ಡಿಹೈಡ್. ಎರಡು ಹೆಸರು, ದ್ರಾವಣ ಒಂದೇ. ವರದಿಯಾಗ ಯಾವುದು ಅಂತ ಸ್ಪಷ್ಟ ಬರೀರಿ. ಬೊರಾಕ್ಸ್ ಹಾಕಿ ಆಮ್ಲ ತಗೀರಿ, ಇಲ್ಲಂದ್ರ ಚಿಪ್ಪು ಕರಗ್ತಾವ. ಡಾಫ್ನಿಯಾ, ಮೊಯಿನಾದಂಥ ನೀರು ಚಿಗಟ ತತ್ತಿ ಉದುರಿಸಿ ಬಿಡ್ತಾವ, ಅದಕ್ಕ ದ್ರಾವಣದಾಗ ಲೀಟರಿಗೆ 40 ಗ್ರಾಂ ಸಕ್ಕರಿ ಹಾಕೋ ಪದ್ಧತಿ ಅದ. ರೋಟಿಫರ್ ಮುದುಡಿ ಗುರುತು ಸಿಗದಂಗ ಆಗ್ತಾವ, ಫಾರ್ಮಾಲಿನ್‌ಗಿಂತ ಮೊದಲು ಒಂದಿಷ್ಟು ಸೋಡಾ ನೀರು ಹಾಕಿ ಮಂಪರು ಬರಿಸ್ರಿ. ಫೈಟೊಪ್ಲಾಂಕ್ಟನ್‌ಗೆ (ಸಸ್ಯ ಪ್ಲಾಂಕ್ಟನ್) ಫಾರ್ಮಾಲಿನ್ ಬ್ಯಾಡ, ಲ್ಯೂಗಾಲ್ ಅಯೋಡಿನ್ ತಿಳಿ ಚಹಾದ ಬಣ್ಣ ಬರೋ ತನಕ ಹಾಕ್ರಿ.

ಈಗ ಮುಖ್ಯದ್ದು. ಕೋಪೆಪಾಡ್ ಜಾತಿ ಗುರುತಿಸೋದು ಐದನೇ ಕಾಲು ನೋಡಿ. ಕ್ಯಾಲನಾಯ್ಡ್‌ಗೆ ಮೀಸಿ ಉದ್ದ, ಮೈಯಷ್ಟೇ ಇರ್ತದ, ಸೈಕ್ಲೋಪಾಯ್ಡ್‌ಗೆ ಗಿಡ್ಡ, ಹಾರ್ಪ್ಯಾಕ್ಟಿಕಾಯ್ಡ್‌ಗೆ ಇನ್ನೂ ಗಿಡ್ಡ. ಇದು ಕಣ್ಣಿಗೆ ಕಾಣ್ತದ, ಇಷ್ಟಕ್ಕೇ ಬಿಟ್ರ ಬಿ.ಎಸ್ಸಿ. ಕೆಲಸ. ಗ್ಲಿಸರಿನ್ ಹನಿಯಾಗ ಇಟ್ಟು, ಎರಡು ಸಣ್ಣ ಸೂಜಿಲೆ ಗಂಡಿನ ಐದನೇ ಜೋಡಿ ಕಾಲು ಬಿಡಿಸಿ, ಸ್ಲೈಡ್ ಮಾಡಿ, ಚಿತ್ರ ಬರೀರಿ. ಮೊದಲ ಹತ್ತಿಪ್ಪತ್ತು ಹರಿದೇ ಹೋಗ್ತಾವ. ನಮ್ಮ ಜಲಾಶಯದಾಗ ಡಯಾಪ್ಟೊಮಿಡೇ ಕುಟುಂಬದವು ಸಿಗ್ತಾವ, ಕರಾವಳಿಯಾಗ ಅಕಾರ್ಷಿಯಾ. ಕಾಲು ಬಿಡಿಸೋ ಕೈ ಒಮ್ಮೆ ಬಂತಂದ್ರ ಉಪ್ಪುನೀರಾಗೂ ಅದೇ ಕೈ. ಚಿತ್ರ ಮತ್ತು ಸ್ಲೈಡ್ ಎರಡೂ ಇದ್ದವರು ಸಿಗೋದು ಕಡಿಮಿ.

ಜೊತಿಗೆ ಆಮ್ಲಜನಕ ಮತ್ತು ಕ್ಲೋರೋಫಿಲ್. ವಿಂಕ್ಲರ್ ವಿಧಾನದಾಗ 300 ಮಿ.ಲೀ. ಬಾಟಲಿಗೆ ಮೊದಲ ಎರಡೂ ರಾಸಾಯನಿಕ (ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್) ತಲಾ 1 ಮಿ.ಲೀ. ಹಾಕಿದಾಗ, 201 ಮಿ.ಲೀ. ತಗೊಂಡು 0.025 ನಾರ್ಮಲ್ ಥಯೋಸಲ್ಫೇಟ್‌ಲೆ ಟೈಟ್ರೇಟ್ ಮಾಡಿದ್ರ, ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ. ಕೆಡೋದು ಎಲ್ಲಿ ಅಂದ್ರ: ಮುಚ್ಚಳದ ಕೆಳಗ ಗಾಳಿ ಗುಳ್ಳಿ, ಹಳದಿ ತಿಳಿ ಆಗೋಕಿಂತ ಮೊದಲೇ ಪಿಷ್ಟ ಹಾಕೋದು, ವಾರದ ಹಿಂದ ಮಾಡಿದ ಥಯೋಸಲ್ಫೇಟನ್ನ ಮತ್ತ ಪ್ರಮಾಣೀಕರಿಸದೆ ಬಳಸೋದು. ಸಮುದ್ರದವರು ಮೈಕ್ರೊಮೋಲ್‌ನಾಗ ಮಾತಾಡ್ತಾರ, 1 ಮಿ.ಗ್ರಾಂ. ಅಂದ್ರ 31.25 ಮೈಕ್ರೊಮೋಲ್, ಎರಡೂ ಕಾಲಂ ಹಾಕ್ರಿ.

ಕ್ಲೋರೋಫಿಲ್‌ಗೆ ಜಿಎಫ್/ಎಫ್ (ಗಾಜಿನ ನಾರಿನ) ಫಿಲ್ಟರ್, ಶೇ 90 ಅಸಿಟೋನ್, ಕತ್ತಲಿಯಾಗ ಫ್ರಿಜ್ಜಿನಾಗ ಒಂದು ರಾತ್ರಿ. ಓದು ತಗೊಳ್ಳೋದು 664, 647, 630 ನ್ಯಾನೋಮೀಟರ್‌ನಾಗ. ಪ್ರತಿಯೊಂದರಿಂದ 750ರ ಓದು ಕಳೀಬೇಕು. ಆಮ್ಯಾಲ 11.85 × (664ರ ಓದು) − 1.54 × (647ರ ಓದು) − 0.08 × (630ರ ಓದು). ಇದು ಅಸಿಟೋನಿನಾಗಿರೋ ಪ್ರಮಾಣ. ಅದನ್ನ ಅಸಿಟೋನಿನ ಮಿ.ಲೀ.ಲೆ ಗುಣಿಸಿ, ಸೋಸಿದ ಲೀಟರ್‌ಲೆ ಭಾಗಿಸಿದ್ರ ಕೆರಿ ನೀರಿನ ಲೆಕ್ಕ ಬರ್ತದ, ಉತ್ತರ ನೇರ ಲೀಟರಿಗೆ ಮೈಕ್ರೊಗ್ರಾಂನಾಗ. ಈ ಒಂದು ಹೆಜ್ಜಿ ಬಿಟ್ಟ ವರದಿ ಬೇಕಾದಷ್ಟು ಅದಾವ. ಸಮುದ್ರದಾಗ 1ರಿಂದ 2 ಲೀಟರ್ ಸೋಸ್ತಾರ. ನಮ್ಮ ನೀರು 100ರಿಂದ 250 ಮಿ.ಲೀ.ಗೇ ಫಿಲ್ಟರ್ ಕಟ್ಟಿಸ್ತದ, ಪಂಪ್ ಜೋರು ಮಾಡಿ ಜಗ್ಗಿದ್ರ ಕೋಶ ಒಡೀತಾವ.

---

ಉಪ್ಪುನೀರು

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಎರಡನೇ ಎಂ.ಎಸ್ಸಿ. ವ್ಯರ್ಥ ಅನ್ನುವ ಧ್ವನಿಗೆ ನನ್ನ ಒಪ್ಪಿಗೆ ಇಲ್ಲ. ಜೀವಂತ ಪ್ರಾಣಿ, ಉಬ್ಬರವಿಳಿತ, ದೋಣಿ ಇವುಗಳ ಅಭ್ಯಾಸ ಕೆರೆಯಲ್ಲಿ ಸಿಗುವುದಿಲ್ಲ. ಆದರೂ ಅದಕ್ಕೆ ಎರಡು ವರ್ಷ ಕೊಡಬೇಕಿಲ್ಲ. ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟನ್ನೇ ಕರಾವಳಿಯ ಪ್ರಯೋಗಾಲಯದಲ್ಲಿ ಮಾಡಲು ವಿಭಾಗ ಒಪ್ಪಿದರೆ ಅರ್ಧ ಕೆಲಸ ಆಯಿತು. ಒಪ್ಪದಿದ್ದರೆ ಭಾರತೀಯ ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎರಡು ತಿಂಗಳಿನದ್ದು, ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಬೇಸಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಬಿ.ಎಸ್ಸಿ. ಮುಗಿಸಿ ಇದನ್ನು ಓದುತ್ತಿರುವವರಿಗೆ ಮಾತ್ರ ಈ ಪಟ್ಟಿ: ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ, ಗೋವಾ ವಿಶ್ವವಿದ್ಯಾಲಯ, ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ (ಕುಸಾಟ್), ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ, ಪೋರ್ಟ್ ಬ್ಲೇರ್‌ನಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗ. ಕೊನೆಯದಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಕುಸಾಟ್‌ಗೆ ಅವರದೇ ಪರೀಕ್ಷೆ.

ಕರಾವಳಿ ಪ್ರಾಜೆಕ್ಟಿಗೆ ಡಿಸೆಂಬರಿನಿಂದ ಮೇ ಒಳ್ಳೆಯ ಕಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬಾಡಿಗೆ ದೋಣಿ ಸಿಗದು, ಸಮುದ್ರವೂ ಬಿಡದು. ವಿಪರ್ಯಾಸ ಏನೆಂದರೆ ನಮ್ಮ ಕರಾವಳಿಯಲ್ಲಿ ಆಳದ ತಣ್ಣೀರು, ಪೋಷಕಾಂಶ ಹೊತ್ತು, ಆಮ್ಲಜನಕ ಕಡಿಮೆಯಾಗಿ ಮೇಲೆ ಬರುವುದು ಆ ಮುಂಗಾರಿನಲ್ಲೇ. ಅತಿ ಮುಖ್ಯ ತಿಂಗಳುಗಳ ಮಾದರಿಯೇ ಅತಿ ಕಡಿಮೆ ಇದೆ. ಆರು ತಿಂಗಳ ಪ್ರಾಜೆಕ್ಟಿನಲ್ಲಿ ಅದನ್ನು ತುಂಬುತ್ತೇನೆ ಅಂತ ಪ್ರಸ್ತಾವ ಬರೆಯಬೇಡಿ, ಓದಿದವರಿಗೆ ನಗು ಬರುತ್ತದೆ. ಹವಳ, ಕಡಲಸೌತೆ ಇಂಥವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿವೆ, ಅನುಮತಿ ಇಲ್ಲದೆ ಒಂದು ತುಂಡನ್ನೂ ಎತ್ತುವಂತಿಲ್ಲ.

ವಿಜ್ಞಾನಿಗಳಿಗೆ ಮೇಲ್ ಬರೆಯುವ ಬಗ್ಗೆ. ಜನವರಿಗೆ ಶುರುವಾಗಬೇಕಾದ ಪ್ರಾಜೆಕ್ಟಿಗೆ ಆಗಸ್ಟ್, ಸೆಪ್ಟೆಂಬರಿನಲ್ಲೇ ಬರೆಯಿರಿ. ಒಬ್ಬರಿಗೆ ಒಂದು ಮೇಲ್. ನಲವತ್ತು ವಿಳಾಸ ಒಟ್ಟಿಗೆ ಹಾಕಿದ್ದು ಕಂಡರೆ ನಲವತ್ತೂ ಜನ ಅಳಿಸುತ್ತಾರೆ. ಅವರ ಇತ್ತೀಚಿನ ಎರಡು ಪ್ರಬಂಧ ಓದಿ, ಅದರಲ್ಲಿನ ಒಂದು ವಿಧಾನದ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ. ನಿಮಗೆ ಏನು ಮಾಡಲು ಬರುತ್ತದೆ ಅಂತ ಎರಡು ಸಾಲು, ಯಾವ ತಾರೀಕಿನಿಂದ ಎಷ್ಟು ತಿಂಗಳು ಬಿಡುವಿದೆ, ವಿಭಾಗದ ಶಿಫಾರಸು ಪತ್ರ ಸಿಗುತ್ತದೆ ಅನ್ನುವ ಮಾತು. ಕಾಲಿನ ಚಿತ್ರ ಅಂದರಲ್ಲ, ಅದನ್ನು ಒಂದು ಪುಟ ಪಿಡಿಎಫ್ ಮಾಡಿ ಲಗತ್ತಿಸಿ. ‘ಬಾಲ್ಯದಿಂದಲೂ ಸಮುದ್ರ ಎಂದರೆ ಪ್ರಾಣ’ ಎಂಬ ಸಾಲು ತೆಗೆದುಹಾಕಿ. ಹತ್ತು ದಿನ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಬಿಡಿ. ಕೆಲವು ಸಂಸ್ಥೆಗಳು ಪ್ರಾಜೆಕ್ಟ್ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುತ್ತವೆ, ಮೊದಲೇ ಕೇಳಿಕೊಳ್ಳಿ.

ಹಡಗಿನ ಅವಕಾಶ ಸಿಕ್ಕರೆ ತಿಳಿದಿರಬೇಕಾದ್ದು ಒಂದು ಕ್ರಮ: ಆಳದಿಂದ ನೀರು ತರುವ ನಿಸ್ಕಿನ್ ಬಾಟಲಿಗಳು ಮೇಲೆ ಬಂದ ಕೂಡಲೇ ಮೊದಲು ಆಮ್ಲಜನಕದ ಮಾದರಿ, ಆಮೇಲೆ ಪಿಎಚ್ ಮತ್ತು ಇಂಗಾಲ, ಆಮೇಲೆ ಪೋಷಕಾಂಶ, ಲವಣತೆ, ಕೊನೆಗೆ ಕ್ಲೋರೋಫಿಲ್. ಅನಿಲಗಳು ಗಾಳಿಗೆ ಬೇಗ ಕೆಡುತ್ತವೆ, ಅದಕ್ಕೆ. ರಬ್ಬರ್ ನಳಿಕೆ ಬಾಟಲಿಯ ತಳಕ್ಕೆ ಮುಟ್ಟಿಸಿ, ಎರಡು ಮೂರು ಬಾಟಲಿಯಷ್ಟು ನೀರು ಉಕ್ಕಿ ಹರಿಯಲು ಬಿಡಬೇಕು. ಈಜು ಬಂದರೆ ಒಳ್ಳೆಯದು, ಬರದಿದ್ದರೂ ತಡೆಯಿಲ್ಲ. ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ನಿಲ್ಲುವುದಿಲ್ಲ.

---

ಶಹಾಪುರ_ಓದು

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ರಿ. ಎರಡು ಉಳದಾವ. ಗಣಿತ, ಕಂಪ್ಯೂಟರ್ ಎಷ್ಟು ಬೇಕು? ಮತ್ತ ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಸರ್ಟಿಫಿಕೇಟ್ ಇದಕ್ಕೆಲ್ಲ ನಡೀತದೇನು?

---

ದಖ್ಖನ್_ದತ್ತಾಂಶ

ಬೀದರ್, ಕಲಬುರಗಿಗೆ ಎಲ್ಲಕ್ಕಿಂತ ಹತ್ತಿರದ ಸಮುದ್ರ ಸಂಸ್ಥೆ ಗೋವಾದಲ್ಲಿಲ್ಲ, ಹೈದರಾಬಾದಿನ ಪ್ರಗತಿನಗರದಲ್ಲಿದೆ. ಇನ್‌ಕಾಯ್ಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, 1999ರಲ್ಲಿ ಶುರುವಾದದ್ದು, ಭೂ ವಿಜ್ಞಾನ ಸಚಿವಾಲಯದ ಕೆಳಗೆ. ಸುನಾಮಿ ಎಚ್ಚರಿಕೆ, ಮೀನುಗಾರರಿಗೆ ಮೀನು ಸಿಗುವ ವಲಯದ ಮಾಹಿತಿ ಅಲ್ಲಿಂದಲೇ ಹೋಗುತ್ತದೆ. ಅಲ್ಲಿ ಅಲೆ ಇಲ್ಲ, ದತ್ತಾಂಶ ಇದೆ. ಅದರ ತರಬೇತಿ ಕೇಂದ್ರ ಆಗಾಗ ಸಣ್ಣ ಕೋರ್ಸ್ ನಡೆಸುತ್ತದೆ, ಜಾಲತಾಣ ನೋಡುತ್ತಿರಿ.

ಕೋಪೆಪಾಡ್ ಕೆಲಸಕ್ಕೆ ಕಲನಶಾಸ್ತ್ರ ಬೇಕಿಲ್ಲ, ಸಂಖ್ಯಾಶಾಸ್ತ್ರ ಬೇಕು. ಆರ್ ಅಥವಾ ಪೈಥಾನ್ ಎರಡರಲ್ಲಿ ಒಂದು ಕಲಿಯಿರಿ, ಎರಡೂ ಅರೆಬರೆ ಬೇಡ. ಅಭ್ಯಾಸಕ್ಕೆ ಆರ್ಗೋ ದತ್ತಾಂಶ ತೆಗೆದುಕೊಳ್ಳಿ, ಉಚಿತ. ಆರ್ಗೋ ತೇಲುಗಳು ಜಗತ್ತಿನಾದ್ಯಂತ ಸುಮಾರು 4,000 ಇವೆ. 1,000 ಮೀಟರ್ ಆಳದಲ್ಲಿ ತೇಲುತ್ತಾ ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ಉಷ್ಣತೆ, ಲವಣತೆ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ.

ಮಾಡಬೇಕಾದ ಅಭ್ಯಾಸ ಇದು: ಉತ್ತರ 12ರಿಂದ 15, ಪೂರ್ವ 70ರಿಂದ 74 ಡಿಗ್ರಿಯ ಚೌಕದಲ್ಲಿ ಒಂದು ವರ್ಷದ ಪ್ರೊಫೈಲ್‌ಗಳನ್ನು ಇಳಿಸಿಕೊಂಡು, ಪ್ರತಿಯೊಂದರಲ್ಲೂ 10 ಮೀಟರಿನ ಉಷ್ಣತೆಗಿಂತ 0.2 ಡಿಗ್ರಿ ಕಡಿಮೆಯಾಗುವ ಆಳ ಹುಡುಕಿ. ಅದು ಮಿಶ್ರಪದರದ ಆಳ. ತಿಂಗಳುವಾರು ಜೋಡಿಸಿದರೆ ಮುಂಗಾರು ಕಾಣುತ್ತದೆ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಸುತ್ತಿ ಬಂದು ನಮ್ಮ ಕರಾವಳಿಯ ಗುಂಟ ಉತ್ತರಕ್ಕೆ ಸರಿಯುವುದೂ ಕಾಣಬಹುದು.

ಹೊಸಬರು ಕೆಡಿಸಿಕೊಳ್ಳುವುದು ಇಲ್ಲಿ: ಗುಣಮಟ್ಟದ ಗುರುತು ನೋಡದೆ ಎಲ್ಲ ಅಂಕಿ ಬಳಸುವುದು (1 ಒಳ್ಳೆಯದು, 4 ಕೆಟ್ಟದ್ದು), 99999 ಅಂದರೆ ಖಾಲಿ ಅಂತ ಗೊತ್ತಿಲ್ಲದೆ ಸರಾಸರಿಗೆ ಸೇರಿಸುವುದು, ತಿದ್ದಿದ ಲವಣತೆ ಇರುವಾಗ ಕಚ್ಚಾದ್ದನ್ನೇ ತೆಗೆದುಕೊಳ್ಳುವುದು, ದಿನಗಳ ಎಣಿಕೆ 1950ರ ಜನವರಿ 1ರಿಂದ ಶುರು ಅನ್ನುವುದನ್ನು ಮರೆಯುವುದು. ಸಮಯ ಭಾರತದ್ದಲ್ಲ, ಐದೂವರೆ ತಾಸು ಹಿಂದಿನದು. ಉಪಗ್ರಹದ ಕ್ಲೋರೋಫಿಲ್ ನಕ್ಷೆ ಚಂದ ಕಾಣುತ್ತದೆ, ಆದರೆ ಮುಂಗಾರಿನಲ್ಲಿ ಮೋಡದಿಂದ ತೂತುತೂತು, ನದೀಮುಖದ ಕೆಸರುನೀರಿನಲ್ಲಿ ಹೆಚ್ಚು ತೋರಿಸುತ್ತದೆ. ಕೋಡ್ ಬೇಡ ಅನ್ನುವವರಿಗೆ ಓಷನ್ ಡೇಟಾ ವ್ಯೂ ಅನ್ನುವ ಉಚಿತ ತಂತ್ರಾಂಶ ಇದೆ, ಮೊದಲ ತಿಂಗಳಿಗೆ ಅದೇ ಸಾಕು.

---

ಕಡಗಂಚಿ_ಶಿಲೆ

ಕೇಂದ್ರೀಯ ವಿಶ್ವವಿದ್ಯಾಲಯದ ಭೂವಿಜ್ಞಾನದವರು ಇದನ್ನ ಓದ್ಲಿಕತ್ತಿದ್ರ ಅವರ ಸಲುವಾಗಿ ನಾಲ್ಕು ಸಾಲು. ನಿಮ್ಮ ಪೇಪರ್ ಅರ್ಥ್ ಸೈನ್ಸಸ್. ಸಮುದ್ರದ ಕೆಸರಿನಾಗಿನ ಫೊರಾಮಿನಿಫೆರಾ (ಚಿಪ್ಪಿರೋ ಏಕಕೋಶ ಜೀವಿ) ನಿಮಗ ಹತ್ತಿರದ ದಾರಿ. 63 ಮೈಕ್ರಾನ್ ಜರಡಿಯಾಗ ತೊಳ್ದು, 50–60 ಡಿಗ್ರಿಯಾಗ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗ ಒದ್ದಿ ಕುಂಚಲೆ ಒಂದೊಂದೇ ಆರಿಸಿ ಒಂದು ಮಾದರಿಗೆ 300ರ ತನಕ ಎಣಿಸೋದು ರೂಢಿ. ಗೋವಾದ ವಾಸ್ಕೋದಾಗ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದ, ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ನೋಡಿಕೊಳ್ಳೋದು ಅದೇ. ಮಂಗಳೂರು ವಿಶ್ವವಿದ್ಯಾಲಯದಾಗ ಮೆರೈನ್ ಜಿಯಾಲಜಿ ಅದ.

---

ಬೆಣ್ಣೆತೊರೆ

371(ಜೆ) ರಾಜ್ಯದ ಸಂಸ್ಥೆಗಳಿಗೆ ಮಾತ್ರ. ಕಾರವಾರ, ಮಂಗಳೂರಿನಂಥ ನಮ್ಮ ಭಾಗದ ಹೊರಗಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಶೇ 8 ಸೀಟು ನಮ್ಮ ಭಾಗದವರಿಗೆ. ಎನ್‌ಐಒ, ಇನ್‌ಕಾಯ್ಸ್, ನೆಟ್ ಯಾವುದಕ್ಕೂ ಅದು ಅನ್ವಯಿಸದು. ಸಹಾಯಕ ಆಯುಕ್ತರ ಸಹಿಯ ಪ್ರಮಾಣಪತ್ರ ಇನ್ನೂ ಮಾಡಿಸದಿದ್ದರೆ ಮಾಡಿಸಿಡಿ, ಪ್ರವೇಶದ ವಾರದಲ್ಲಿ ಓಡಾಡಿದರೆ ಆಗುವುದಿಲ್ಲ.

ಕೇಂದ್ರದ ಅರ್ಜಿಗಳಲ್ಲಿ ಪೆಟ್ಟು ಬೀಳುವುದು ಬೇರೆ ಕಡೆ. ರಾಜ್ಯದ ಪ್ರವರ್ಗ-1, 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಅಂತ ಮೊದಲು ನೋಡಿ, ಏಕೆಂದರೆ ರಾಜ್ಯದ ಪಟ್ಟಿಯಲ್ಲಿರುವ ಎಲ್ಲವೂ ಅಲ್ಲಿಲ್ಲ. ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರವಲ್ಲದ ಪ್ರಮಾಣಪತ್ರ ಪಡೆಯಿರಿ. ಹೆಸರಿನ ಮುಂದಿನ ಅಕ್ಷರ, ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಎರಡರಲ್ಲೂ ಒಂದೇ ಇರಲಿ.

---

ಶಹಾಪುರ_ಓದು

ಕೊನೆ ಪ್ರಶ್ನೆ, ಕಾರಂಜಾ ಅಣ್ಣಾರಿಗೆ. ನಾರಾಯಣಪುರದಿಂದ ಕಲಬುರಗಿಗೆ ಮಾದರಿ ಬಸ್ಸಿನಾಗೇ ತರಬೇಕು. ಫಾರ್ಮಾಲಿನ್ ಬಾಟಲಿ ಹೆಂಗ ಒಯ್ಯೋದ್ರಿ?

---

ಕಾರಂಜಾ_ಬೀದರ

ಪ್ರಯಾಣಿಕರ ನಡುವ ಫಾರ್ಮಾಲಿನ್ ಒಯ್ಯಬ್ಯಾಡ್ರಿ, ಸೋರಿದ್ರ ಕಣ್ಣು, ಮೂಗು ಉರೀತದ, ವಿಷ ಅದು. ವಿಭಾಗದ ಗಾಡಿ ಕೇಳ್ರಿ. ಅದು ಆಗಲ್ಲಂದ್ರ ಜಾಗ ಬದಲಿಸಿ ಬೆಣ್ಣೆತೊರೆ ಹಿಡೀರಿ, ಹತ್ರ ಅದ, ಮಾದರಿಯನ್ನ ಐಸ್ ಡಬ್ಬಿಯಾಗ ಹಸಿದೇ ತಂದು ಅದೇ ದಿನ ಪ್ರಯೋಗಾಲಯದಾಗ ಫಾರ್ಮಾಲಿನ್ ಹಾಕಬಹುದು. ಬಾಟಲಿ ಪೂರಾ ತುಂಬಬ್ಯಾಡ್ರಿ, ಪ್ರಾಣಿ ದಟ್ಟ ಇದ್ರ ಎರಡಕ್ಕ ಹಂಚ್ರಿ, ಇಲ್ಲಂದ್ರ ದಾರಿಯಾಗೇ ಉಸಿರು ಸಾಲದೆ ಕೊಳೀಲಿಕ್ಕೆ ಶುರು ಆಗ್ತಾವ. ವಿಂಕ್ಲರ್‌ನ ಮೊದಲ ಎರಡು ರಾಸಾಯನಿಕ ಮಾತ್ರ ದಂಡಿಯ ಮ್ಯಾಲೇ ಹಾಕಬೇಕು, ಅದನ್ನ ಮುಂದೂಡೋ ಹಂಗಿಲ್ಲ; ಆಮ್ಲ ಹಾಕೋದು, ಟೈಟ್ರೇಷನ್ ಬಂದ ಮ್ಯಾಲ ಮಾಡ್ರಿ.

ಚೀಟಿ ಬಾಟಲಿ ಹೊರಗ ಅಂಟಿಸಿದ್ರ ಐಸ್ ನೀರಿಗೆ ಕಿತ್ತು ಹೋಗ್ತದ. ದಪ್ಪ ಹಾಳಿ ಮ್ಯಾಲ ಪೆನ್ಸಿಲ್‌ಲೆ ತಾರೀಕು, ಹೊತ್ತು, ಠಾಣೆ, ಎಳೆದ ಆಳ ಬರದು ಬಾಟಲಿ ಒಳಗೇ ಹಾಕ್ರಿ. ಪೆನ್ನಿನ ಶಾಯಿ ಕರಗ್ತದ.